ರೋಂಡಾ ಪಟ್ಟಣದಲ್ಲಿ ಸೇತುವೆಯ ಹೊರತಾಗಿ ಏನೇನು ನೋಡಬೇಕು?

ಪ್ರಶ್ನೆ (ಕುಂಬಳೆಯಿಂದ)

ಮಗಳು ಮಾಲಗ ನಗರದಲ್ಲಿ ಓದುತ್ತಿರುವುದರಿಂದ ಮಾರ್ಚ್ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ದಕ್ಷಿಣ ಸ್ಪೇನಿಗೆ ಹೋಗುವವರಿದ್ದೇವೆ. ರೋಂಡಾ ಪಟ್ಟಣಕ್ಕೆಂದು ಒಂದು ಪೂರ್ತಿ ದಿನವನ್ನು ಮೀಸಲಿಟ್ಟಿದ್ದೇವೆ. ಚಿತ್ರಗಳಲ್ಲೆಲ್ಲ ಕಾಣುವುದು ಕಂದರದ ಮೇಲಿನ ದೊಡ್ಡ ಸೇತುವೆಯೊಂದೇ. ನಮಗಾದರೋ ಹಳೆಯ ಕಟ್ಟಡಗಳಲ್ಲಿಯೂ ಊರಿನ ಚರಿತ್ರೆಯಲ್ಲಿಯೂ ಹೆಚ್ಚಿನ ಆಸಕ್ತಿ. ಯಜಮಾನರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಿಳಿಯಲಾಗದು. ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ (ನೀರ್ಚಾಲಿನಿಂದ)

ಅಕ್ಕಾ, ಸೇತುವೆಯನ್ನೇ ಮೊದಲು ನೋಡಿ, ಆದರೆ ಮೇಲೆ ನಿಂತು ನೋಡಿದಷ್ಟಕ್ಕೆ ಮುಗಿಸಬೇಡಿ. ಗ್ವಾದಲೆವೀನ್ ನದಿ ಕೊರೆದ ಕಂದರವು ಊರನ್ನು ಎರಡಾಗಿ ಸೀಳಿದೆ: ಒಂದು ಕಡೆ ಅರಬರ ಕಾಲದ ಹಳೆಯ ಪೇಟೆ, ಇನ್ನೊಂದು ಕಡೆ ಅನಂತರ ಬೆಳೆದ ಹೊಸ ಪೇಟೆ. ಇವೆರಡನ್ನು ಜೋಡಿಸಲು 1735ರಲ್ಲಿ ಅವಸರದಿಂದ ಕಟ್ಟಿದ ಒಂಟಿ ಕಮಾನಿನ ಸೇತುವೆ 1741ರಲ್ಲಿ ಕುಸಿದು ಸುಮಾರು ಐವತ್ತು ಜನ ಸತ್ತರು. ಆಮೇಲೆ ದಶಕಗಳ ಕಾಲ ಕೆಲಸ ನಡೆದು 1793ರಲ್ಲಿ ಪೂರ್ಣಗೊಂಡದ್ದೇ 98 ಮೀಟರ್ ಎತ್ತರದ ಈಗಿನ ಪುಯೆಂತೆ ನುಯೆವೋ. ಕಂದರದ ತಳದಿಂದಲೇ ಎದ್ದುನಿಂತ ಆ ಕಲ್ಲಿನ ಕಂಬಗಳ ಗಾತ್ರ ಅರಿವಾಗಬೇಕಾದರೆ ಹಳೆಯ ಪೇಟೆಯ ಪಶ್ಚಿಮದಿಂದ ಇಳಿಯುವ ಕಾಲುದಾರಿಯಲ್ಲಿ ಸ್ವಲ್ಪ ದೂರವಾದರೂ ಹೋಗಬೇಕು. ಯಜಮಾನರು ಮೇಲಿನ ಚೌಕದಲ್ಲಿ ಕುಳಿತಿರಬಹುದು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ಕಾಸಾ ದೆಲ್ ರೇ ಮೋರೋ ಎಂಬ ಮನೆಯ ತೋಟದಿಂದ ನದಿಯವರೆಗೆ ಬಂಡೆಯೊಳಗೆ ಕೊರೆದ ಮೆಟ್ಟಿಲುದಾರಿ. ಮನೆ 18ನೆಯ ಶತಮಾನದ್ದು, ಮೆಟ್ಟಿಲುಗಳು ಅದಕ್ಕಿಂತ ಎಷ್ಟೋ ಹಳೆಯವು. ಮುತ್ತಿಗೆಯ ಕಾಲದಲ್ಲಿ ಊರಿಗೆ ನೀರು ಇಲ್ಲಿಂದಲೇ ಬರಬೇಕಿತ್ತು. ಸೆರೆಯಾಳುಗಳು ಸಾಲಾಗಿ ನಿಂತು ಚರ್ಮದ ಚೀಲಗಳಲ್ಲಿ ನೀರನ್ನು ಮೇಲಕ್ಕೆ ಸಾಗಿಸುತ್ತಿದ್ದರೆಂದು ಹೇಳುತ್ತಾರೆ. 1485ರಲ್ಲಿ ಕ್ರೈಸ್ತ ಸೈನ್ಯ ಈ ನೀರಿನ ದಾರಿಯನ್ನು ಕಡಿದ ಮೇಲೆ ಊರು ಹೆಚ್ಚು ದಿನ ತಡೆದುಕೊಳ್ಳಲಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ, ನೀರು ತಾನಾಗಿ ತೋಟಕ್ಕೆ ಹರಿದುಬರುವುದನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ, ನೀರಿಗಾಗಿ ಮನುಷ್ಯರೇ ಅಷ್ಟು ಆಳಕ್ಕೆ ಇಳಿಯಬೇಕಾದ ಕಷ್ಟ ಬೇಗ ಅರ್ಥವಾಗುತ್ತದೆ. ಮೆಟ್ಟಿಲುಗಳು ಕಡಿದಾಗಿವೆ, ಒದ್ದೆಯಾಗಿವೆ. ಯಜಮಾನರು ಇಳಿಯುವುದು ಬೇಡ, ತಾವೂ ಮಗಳೂ ಖಂಡಿತ ಇಳಿಯಿರಿ.

ಉತ್ತರ (ಸೊಲ್ಲಾಪುರದಿಂದ)

ಮೇಲಿನವರ ಮಾತಿಗೆ ಸಾಂತಾ ಮರಿಯಾ ಲಾ ಮಯೋರ್ ಇಗರ್ಜಿಯನ್ನು ಸೇರಿಸುತ್ತೇನೆ. ಅದು ಮಸೀದಿಯಿದ್ದ ಜಾಗದಲ್ಲಿ ಎದ್ದ ಕಟ್ಟಡ. ಪ್ರವೇಶದ ಬಳಿ ಹಳೆಯ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕನ್ನು ತೋರಿಸುವ ಗೋಡೆಗೂಡಿನ) ಕಮಾನು ಇಂದಿಗೂ ಉಳಿದಿದೆ. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಬಂಗಾರದ ಬಣ್ಣದ ಮಿಹ್ರಾಬನ್ನು ನೋಡಿದವರು ಇಲ್ಲಿನ ಸೂಕ್ಷ್ಮ ಗಾರೆ ಕೆತ್ತನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಇರಲಾರರು. ಸಮೀಪದ ಮೋಂದ್ರಗೋನ್ ಅರಮನೆಯಲ್ಲಿ ಊರಿನ ವಸ್ತುಸಂಗ್ರಹಾಲಯವಿದೆ, ಅದರ ಅಂಗಳಗಳು ಸುಂದರವಾಗಿವೆ. ಹೊಸ ಪೇಟೆಯಲ್ಲಿ 1785ರಲ್ಲಿ ಆರಂಭವಾದ ಗೂಳಿಕಾಳಗದ ಕಣವಿದೆ. ಸೇತುವೆಯನ್ನು ಪೂರ್ಣಗೊಳಿಸಿದ ಶಿಲ್ಪಿಯ ಹೆಸರೇ ಅದಕ್ಕೂ ಸೇರಿಕೊಂಡಿದೆ. ಎರಡು ಅಂತಸ್ತಿನ ಕಲ್ಲುಕಂಬಗಳ ಸಾಲು ಭವ್ಯವಾದದ್ದೆಂಬುದನ್ನು ಒಪ್ಪುತ್ತೇನೆ, ಆದರೆ ಪ್ರಾಣಿಯನ್ನು ಕೊಲ್ಲುವ ಆಟಕ್ಕಾಗಿ ಕಟ್ಟಿದ ಜಾಗದಲ್ಲಿ ನನಗೆ ಹೆಚ್ಚು ಹೊತ್ತು ಇರಲಾಗಲಿಲ್ಲ. ಸಮಯ ಸಾಲದಿದ್ದರೆ ಬಿಡಬಹುದಾದದ್ದು ಇದೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಅರಬರ ಸ್ನಾನಗೃಹವೊಂದು ಕಣಿವೆಯ ತಳದಲ್ಲಿದೆಯೆಂದು ಮಗಳು ಹೇಳುತ್ತಾಳೆ. ಯಜಮಾನರನ್ನು ಅಲ್ಲಿಗೆ ಕರೆದೊಯ್ಯಬಹುದೇ?

ಉತ್ತರ (ಹೊಸೂರಿನಿಂದ)

ಕರೆದೊಯ್ಯಬಹುದು ಮತ್ತು ಕರೆದೊಯ್ಯಲೇಬೇಕು. ಹಳೆಯ ಪೇಟೆಯಿಂದ ನಡೆದು ಇಳಿಯುವ ದಾರಿ ಕಡಿದಾದದ್ದು, ಮರಳಿ ಹತ್ತುವುದು ಇನ್ನೂ ಕಷ್ಟ. ಆದ್ದರಿಂದ ಹೋಗಿಬರಲು ಟ್ಯಾಕ್ಸಿ ಮಾಡಿಕೊಳ್ಳಿ. ಒಳಗೆ ತಣ್ಣನೆಯ, ಬೆಚ್ಚನೆಯ ಮತ್ತು ಬಿಸಿಯಾದ ಕೋಣೆಗಳು ಒಂದರ ಹಿಂದೆ ಒಂದಿವೆ. ಚಾವಣಿಯ ನಕ್ಷತ್ರಾಕಾರದ ತೂತುಗಳಿಂದ ಬೆಳಕು ಬೀಳುತ್ತದೆ. ಹೊರಗೆ ಕತ್ತೆ ಸುತ್ತಿ ತಿರುಗಿಸುತ್ತಿದ್ದ ರಾಟೆಯ ಗೋಪುರವೂ, ಅದು ಎತ್ತಿದ ನೀರನ್ನು ಒಳಕ್ಕೆ ತರುತ್ತಿದ್ದ ಕಮಾನುಗಳ ಮೇಲಿನ ಕಾಲುವೆಯೂ ಉಳಿದಿರುವುದರಿಂದ, ನೀರು ಎಲ್ಲಿಂದ ಬಂದು ಎಲ್ಲಿ ಕಾಯುತ್ತಿತ್ತೆಂಬುದನ್ನು ಹೆಜ್ಜೆಹೆಜ್ಜೆಗೂ ಗುರುತಿಸಬಹುದು. ಬೆಳಿಗ್ಗೆ ಮೊದಲು ಇಲ್ಲಿಗೆ ಬಂದು, ಆಮೇಲೆ ಇಗರ್ಜಿ ಮತ್ತು ಅರಮನೆಯನ್ನು ನೋಡಿ, ಸೇತುವೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಮಾಲಗದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಹಿಡಿಯುವುದರಿಂದ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.