ಅಜ್ಜಿಯ ಲಕ್ಷ್ಮಿ ಪಟದ ಜಗಳ

(ಗುಂಪು: ಅಜ್ಜಿ ಮನೆ, ಮುಂಬಯಿ–ಪುಣೆ)

ಠಾಣೆ ಪುಟ್ಟ: (ಫೋಟೋ) ಪುಷ್ಪಮಾಲಾ ಎನ್. ಅವರ ‘ಲಕ್ಷ್ಮಿ’. ನಮ್ಮ ಬೆಂಗಳೂರಿನ ಕಲಾವಿದೆ. ರಾಜಾ ರವಿವರ್ಮನ ಪ್ರೆಸ್ಸಿನಲ್ಲಿ ಅಚ್ಚಾದ ದೇವರ ಪಟದ ಹಾಗೆ ತಾವೇ ವೇಷ ಹಾಕಿ ನಿಂತಿದ್ದಾರೆ. ಎಲ್ಲರೂ ನೋಡಿ.

ಮಾಟುಂಗಾ ಮಾವ: ನೋಡಿದೆ. ವೇಷ ಹಾಕಿ ಫೋಟೋ ತೆಗೆಸಿಕೊಂಡರೆ ಅದು ಕಲೆಯಾ? ಸ್ಕೂಲ್ ಗ್ಯಾದರಿಂಗ್‌ನಲ್ಲಿ ನಮ್ಮ ಮಕ್ಕಳೂ ಹಾಕಿದ್ದಾರೆ. ಕ್ಯಾಮೆರಾ ಒತ್ತಿದವರೂ ಬೇರೆ ಯಾರೋ. ದೇವರ ಪಟದ ಜೊತೆ ಆಟ ಬೇಡ.

ಪುಣೆ ಚಿಕ್ಕಮ್ಮ: ನನಗೂ ಸ್ವಲ್ಪ ಮುಜುಗರ ಆಯಿತು ಪುಟ್ಟ. ಚೆಂದ ಇದೆ. ಆದರೆ ಯಾಕೆ ಮಾಡಿದ್ದು ಅಂತ ತಿಳಿಯಲಿಲ್ಲ.

ಡೊಂಬಿವಲಿ ಅಕ್ಕ: ಮಾವ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ನಾನು ಸುಮ್ನೆ ಇರುವುದಿಲ್ಲ. ಇದೊಂದನ್ನೇ ನೋಡಿದರೆ ಬರೀ ವೇಷ ಅನಿಸುತ್ತದೆ. ಇದು ಒಂದು ದೊಡ್ಡ ಸರಣಿಯ ಫೋಟೋ. ದಕ್ಷಿಣ ಭಾರತದ ಹೆಂಗಸರನ್ನು ಹೇಗೆಲ್ಲ ಚಿತ್ರಿಸಿದ್ದಾರೆ ಅನ್ನುವುದೇ ಅದರ ವಿಷಯ. 2000ರಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ್ದು. ಕ್ಯಾಮೆರಾ ಹಿಡಿದವರು ಕ್ಲೇರ್. ಅದನ್ನು ಮುಚ್ಚಿಟ್ಟಿಲ್ಲ, ಇಬ್ಬರ ಹೆಸರೂ ಜೊತೆಗೇ ಇದೆ.

ಅದೇ ಸರಣಿಯಲ್ಲಿ ಇನ್ನೊಂದು ಫೋಟೋ ಇದೆ. ಅದರಲ್ಲೂ ಅವರೇ. ಈ ಸಲ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಾಗಿ, ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಚೌಕಳಿಯ ಮುಂದೆ ನಿಲ್ಲಿಸಿ, ಮೈಯ ಅಳತೆ ಸಿಗುವ ಹಾಗೆ ಫೋಟೋ ತೆಗೆಯುತ್ತಿದ್ದರಲ್ಲ, ಆ ಥರ. ಒಬ್ಬಳಿಗೆ ಕೈ ಮುಗಿಯುತ್ತೇವೆ. ಇನ್ನೊಬ್ಬಳನ್ನು ಅಳೆಯುತ್ತೇವೆ. ಮುಖ ಒಂದೇ. ನನ್ನ ಎದೆ ಧಸಕ್ ಅಂದದ್ದು ಅಲ್ಲಿ.

ಮಾಟುಂಗಾ ಮಾವ: ಅಳತೆಗೂ ಲಕ್ಷ್ಮಿಗೂ ಏನಮ್ಮ ಸಂಬಂಧ?

ಡೊಂಬಿವಲಿ ಅಕ್ಕ: ಚಿಕ್ಕಮ್ಮ, 1997ರಲ್ಲಿ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಹಿಂದೆ ಕೊಳ, ಕಮಲ ಬರೆದ ಪರದೆ. ಸೆರಗು ಹೀಗೆ ಬರಲಿ, ಗದ್ದ ಸ್ವಲ್ಪ ಕೆಳಗೆ, ಅಂತ ಮೂರು ಸಲ ತಿದ್ದಿದರು. ಅದು ‘ಮಹಾಲಕ್ಷ್ಮಿ ಹಾಗಿದ್ದಾಳೆ’ ಅನ್ನಿಸುವ ಫೋಟೋ. ಆಮೇಲೆ ಗಂಡಿನ ಕಡೆಯವರು ಇನ್ನೊಂದು ಕೇಳಿದರು. ಚಪ್ಪಲಿ ಇಲ್ಲದೆ, ನೇರ ನಿಂತು, ಎತ್ತರ ಗೊತ್ತಾಗುವ ಹಾಗೆ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ತೆಗೆದಿರಿ. ಎರಡೂ ಫೋಟೋ ಒಂದೇ ಲಕೋಟೆಯಲ್ಲಿ ಹೋದವು.

ಪುಣೆ ಚಿಕ್ಕಮ್ಮ: ಆ ಲಕೋಟೆ ಡಬ್ಬಿಗೆ ಹಾಕಿದ್ದು ನಾನೇ.

ಡೊಂಬಿವಲಿ ಅಕ್ಕ: ನಿಮ್ಮ ತಪ್ಪು ಅಂತ ಅಲ್ಲ ಚಿಕ್ಕಮ್ಮ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದೇ ಸಮಯದಲ್ಲಿ, ಇದೇ ಮುಂಬಯಿಯಲ್ಲಿ, ಪುಷ್ಪಮಾಲಾ ಕಣ್ಣಿಗೆ ಮುಖವಾಡ ಕಟ್ಟಿಕೊಂಡು ‘ಫ್ಯಾಂಟಮ್ ಲೇಡಿ’ ಆಗಿದ್ದರು. 1996ರಿಂದ 98ರವರೆಗಿನ ಕೆಲಸ. ಹಳೇ ಸಿನಿಮಾದ ಸ್ಟಂಟ್ ರಾಣಿ ನಾಡಿಯಾ ಇದ್ದಳಲ್ಲ, ಅವಳ ನೆನಪಲ್ಲಿ. ನಾನು ಗದ್ದ ಕೆಳಗೆ ಮಾಡಿ ಕೂತಿದ್ದಾಗ ಊರಿನಲ್ಲಿ ಹೀಗೂ ಒಬ್ಬಳು ಫೋಟೋಗೆ ನಿಂತಿದ್ದಳು ಅಂತ ಗೊತ್ತಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು!

ಠಾಣೆ ಪುಟ್ಟ: ವಾಸ್ಕೊ ಡ ಗಾಮನೂ ಆಗಿದ್ದಾರೆ ಅಕ್ಕ! 1898ರ ಒಂದು ಪೋರ್ಚುಗೀಸ್ ಚಿತ್ರದ ಹಾಗೆ. ಮಾವ, ಅವರು ಬರೋಡಾದಲ್ಲಿ ಕಲಿತದ್ದು ಶಿಲ್ಪ. ಮೊದಲು ಮಣ್ಣಿನ ಗೊಂಬೆಗಳನ್ನು ಮಾಡುತ್ತಿದ್ದರು.

ಮಾಟುಂಗಾ ಮಾವ: ಶಿಲ್ಪ ಕಲಿತವರು ಶಿಲ್ಪವನ್ನೇ ಮಾಡಬಹುದಿತ್ತಲ್ಲ.

ಡೊಂಬಿವಲಿ ಅಕ್ಕ: ಮಾಡುತ್ತಲೇ ಇದ್ದಾರೆ ಮಾವ. ಲಕ್ಷ್ಮಿಯ ಹಿಂದಿನ ಎರಡು ಕೈ ನೋಡಿ. ಅವು ಮಾಡಿದ ಕೈಗಳು. ಪರದೆ, ಕಿರೀಟ, ಕಮಲ, ಎಲ್ಲ ಕಟ್ಟಿ ನಿಲ್ಲಿಸಿದ್ದು. ಮಣ್ಣಿನ ಜಾಗದಲ್ಲಿ ಸ್ವಂತ ಮೈ ಇದೆ, ಅಷ್ಟೇ.

ಮಾಟುಂಗಾ ಮಾವ: ನಿನ್ನ ನೋವು ಅರ್ಥ ಆಯಿತು ಮಗಳೇ. ಆ ಲಕೋಟೆಯ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ದೇವರ ಪಟ ಬೇರೆ.

ಡೊಂಬಿವಲಿ ಅಕ್ಕ: ನಿಮ್ಮ ದೇವರ ಕೋಣೆಯ ಪಟವನ್ನೇ ಹತ್ತಿರ ಹೋಗಿ ನೋಡಿ. ಸೀರೆಯ ಅಂಚಿಗೆ ಜರಿ ಅಂಟಿಸಿದೆ. ಕಿರೀಟಕ್ಕೆ ಚಮಕಿ. ಅಜ್ಜಿ ಅಂಟಿಸಿದ್ದು. ರವಿವರ್ಮ ಪ್ರೆಸ್ 1894ರಲ್ಲಿ ಮುಂಬಯಿಯಲ್ಲೇ ಶುರುವಾಗಿ, ಆಮೇಲೆ ಮಳವಲಿಗೆ ಹೋಯಿತು. ಚಿಕ್ಕಮ್ಮ, ಲೋಣಾವಳಾದಿಂದ ಪುಣೆ ಲೋಕಲ್ ಹತ್ತಿದರೆ ಮೊದಲು ಬರುವ ಸ್ಟೇಷನ್. ಅಲ್ಲಿ ಕಲ್ಲಚ್ಚಿನಲ್ಲಿ ರಾಶಿ ರಾಶಿ ಅಚ್ಚಾಗಿ ಅಂಗಡಿಗೆ ಬಂದ ಕಾಗದ ಅದು. ಅಜ್ಜಿ ಕೈಯಾರೆ ಸಿಂಗಾರ ಮಾಡಿ ಅದನ್ನು ನಮ್ಮ ಮನೆಯ ದೇವರು ಮಾಡಿದರು. ಅಜ್ಜಿ ಪಟದ ಮೇಲೆ ಸೀರೆ ಉಡಿಸಿದರು, ಪುಷ್ಪಮಾಲಾ ಪಟದ ಒಳಗೇ ಹೋಗಿ ಆ ಸೀರೆ ಉಟ್ಟರು. ನನಗೆ ಇಬ್ಬರಲ್ಲೂ ಅಪಹಾಸ್ಯ ಕಾಣುವುದಿಲ್ಲ ಮಾವ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ಮಾಟುಂಗಾ ಮಾವ: (ಫೋಟೋ) ಪಟ ಇಳಿಸಿದೆ. ಚಮಕಿ ನಿಮ್ಮ ಅಜ್ಜಿ ಅಂಟಿಸಿದ್ದಲ್ಲ, ಅವರ ತಂಗಿ ಅಂಟಿಸಿದ್ದು. ಎರಡು ಬಿದ್ದಿವೆ, ಗೋಂದಿನ ಕಲೆ ಮಾತ್ರ ಇದೆ. ನಾನು ಒಪ್ಪಿದೆ ಅಂತ ತಿಳಿಯಬೇಡ.

ಡೊಂಬಿವಲಿ ಅಕ್ಕ: ಕೆಳಗೆ ಪ್ರೆಸ್ಸಿನ ಹೆಸರು ಇದೆಯಾ ಮಾವ?

ಮಾಟುಂಗಾ ಮಾವ: ಏನೋ ಅಕ್ಷರ ಇದೆ. ಅರ್ಧ ಫ್ರೇಮಿನ ಒಳಗೆ ಹೋಗಿದೆ. ಮೊಳೆ ತುಕ್ಕು ಹಿಡಿದಿದೆ, ನನ್ನೊಬ್ಬನಿಂದ ಆಗುವುದಿಲ್ಲ. ಭಾನುವಾರ ಬಾ, ಬಿಚ್ಚಿ ನೋಡೋಣ. ಆ ತೋಡ ಫೋಟೋ ಇದ್ದರೆ ತೆಗೆದುಕೊಂಡು ಬಾ.