ಸೆಂಟ್‌ಓಎಸ್ 6ರಲ್ಲಿ ನ್ಯಾಸಮ್ ಸೋರ್ಸ್‌ನಿಂದ ಬಿಲ್ಡ್ ಆಗ್ತಿಲ್ಲ, ಬಯಲಾಟದ ಕ್ಯಾಸೆಟ್ ಉಳಿಸಬೇಕಿದೆ

ತೇರುಬೀದಿ (ಸಿರುಗುಪ್ಪ):

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಇಪ್ಪತ್ತು ವರ್ಷ ಬಯಲಾಟದಲ್ಲಿ ಭೀಮನ ವೇಷ ಕಟ್ಟಿದವರು. ಊರಲ್ಲಿ ಆಡಿದ ಆಟಗಳ 14 ವಿಎಚ್‌ಎಸ್ ಕ್ಯಾಸೆಟ್ ನಮ್ಮ ಮನೆಯಲ್ಲಿವೆ. ರಾತ್ರಿಯಿಡೀ ನಡೆಯುವ ಆಟ, ಒಂದು ಆಟಕ್ಕೆ ಮೂರು ಗಂಟೆಯ ಮೂರು ಕ್ಯಾಸೆಟ್ ಬೇಕು. ಅಪ್ಪ ಈಗಿಲ್ಲ. ಅವರ ದನಿ ಇರೋದು ಈ ಕ್ಯಾಸೆಟ್‌ಗಳಲ್ಲಿ ಮಾತ್ರ, ಅದಕ್ಕೇ ಹೇಗಾದರೂ ಕಂಪ್ಯೂಟರಿಗೆ ಇಳಿಸಬೇಕು ಅಂತ ಹೊರಟಿದ್ದೇನೆ.

ನನ್ನ ಹತ್ತಿರ ಇರೋದು ಒಂದು ಪೆಂಟಿಯಮ್ 4, 1 ಜಿಬಿ ರ‍್ಯಾಮ್, 80 ಜಿಬಿ ಡಿಸ್ಕ್, 32 ಬಿಟ್ ಸೆಂಟ್‌ಓಎಸ್ 6 ಅನ್ನೋ ಹಳೆಯ ಲಿನಕ್ಸ್. ಯಾಕೆ ಇಷ್ಟು ಹಳೆಯದು ಅಂದರೆ, ವಿಸಿಆರ್‌ನಿಂದ ಚಿತ್ರ ಹಿಡಿಯುವ ಕಾರ್ಡಿನ ಡ್ರೈವರ್ ಇದರ 2.6.32 ಕರ್ನಲ್‌ನಲ್ಲಿ ಮಾತ್ರ ಓಡುತ್ತದೆ. ಹೊಸ ಲಿನಕ್ಸ್ ಹಾಕಿ ನೋಡಿದೆ, ಕಾರ್ಡ್ ಕಾಣಿಸಲೇ ಇಲ್ಲ.

ವಿಡಿಯೋ ಕಂಪ್ರೆಸ್ ಮಾಡುವ ಎಕ್ಸ್264 ಕಂಪೈಲ್ ಮಾಡೋಕೆ ಹೋದರೆ ಅಸೆಂಬ್ಲರ್ (ಅಸೆಂಬ್ಲಿ ಕೋಡನ್ನು ಮೆಷಿನ್ ಕೋಡ್ ಮಾಡುವ ಪ್ರೋಗ್ರಾಂ) ಸಿಗಲಿಲ್ಲ, ಕನಿಷ್ಠ ನ್ಯಾಸಮ್ ಅನ್ನೋ ಅಸೆಂಬ್ಲರ್‌ನ 2.13 ಬೇಕು ಅನ್ನುತ್ತದೆ. ನನ್ನಲ್ಲಿರೋದು 2.07. ಅಸೆಂಬ್ಲಿ ಬೇಡ ಅಂತ ಹೇಳಿ ಕಂಪೈಲ್ ಮಾಡಿದರೆ ಆಗುತ್ತದೆ, ಆದರೆ ಸೆಕೆಂಡಿಗೆ ಐದಾರು ಫ್ರೇಮ್ ಅಷ್ಟೇ. ಬೇಕಾಗಿರೋದು 25. ಹಾಗಾಗಿ ಗಿಟ್‌ಹಬ್‌ನಿಂದ ನ್ಯಾಸಮ್ ಸೋರ್ಸ್ ಜಿಪ್ ಇಳಿಸಿ, ಲ್ಯಾಪ್‌ಟಾಪಿನಲ್ಲೇ ಬಿಚ್ಚಿ, ಪೆನ್‌ಡ್ರೈವ್‌ನಲ್ಲಿ ತಂದೆ. ಅದರಲ್ಲಿ ಬಿಲ್ಡ್ ಶುರು ಮಾಡೋಕೆ ಬೇಕಾದ ಕಾನ್ಫಿಗರ್ ಫೈಲೇ ಇಲ್ಲ. ಅದನ್ನು ಹುಟ್ಟಿಸುವ ಆಟೋಜೆನ್ ಸ್ಕ್ರಿಪ್ಟ್ ಓಡಿಸಿದರೆ, ಅದಕ್ಕೆ ಬೇಕಾದ ಆಟೋಕಾನ್ಫ್ ಅನ್ನೋ ಟೂಲ್ ಹಳೆಯದಾಯಿತು ಅನ್ನುತ್ತದೆ, ನನ್ನದು 2.63. ಈಗ ಆಟೋಕಾನ್ಫ್ ಕೂಡ ಹೊಸದು ಹಾಕಬೇಕಾ? ಹಳೆಯ ನ್ಯಾಸಮ್ ತೆಗೆದು ಹಾಕಬೇಕಾ? ಗೊತ್ತಿದ್ದವರು ಹೇಳಿ.

ಮಾನ್ವಿ ಮಂಜ:

ಇಷ್ಟೆಲ್ಲ ಯಾಕೆ ಅಣ್ಣ? ಹಳೆಯ ಮೆಷಿನ್‌ನಲ್ಲಿ ಕಂಪ್ರೆಸ್ ಮಾಡದೆ ಸುಮ್ನೆ ಹಿಡಿದಿಟ್ಟುಕೊಳ್ಳಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಎನ್‌ಕೋಡ್ ಮಾಡಿ. ಅಸೆಂಬ್ಲರ್ ಸಹವಾಸವೇ ಬೇಡ.

ತೇರುಬೀದಿ (ಸಿರುಗುಪ್ಪ):

ಮೊದಲು ನಾನೂ ಅದನ್ನೇ ಯೋಚಿಸಿದ್ದೆ ತಮ್ಮಾ. ಲೆಕ್ಕ ಹಾಕು: 720 ಗುಣಿಸು 576, ಒಂದು ಪಿಕ್ಸೆಲ್‌ಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್. ಸೆಕೆಂಡಿಗೆ 20 ಎಂಬಿಗಿಂತ ಜಾಸ್ತಿ ಆಯಿತು, ಗಂಟೆಗೆ ಹತ್ತಿರ ಹತ್ತಿರ 75 ಜಿಬಿ. ಕ್ಯಾಸೆಟ್ ಮೂರು ಗಂಟೆಯದು, ನನ್ನ ಡಿಸ್ಕ್ 80 ಜಿಬಿ. ಮಧ್ಯೆ ಮಧ್ಯೆ ನಿಲ್ಲಿಸಿ ಮತ್ತೆ ಓಡಿಸೋಣ ಅಂದರೆ ಟೇಪ್ ಮೊದಲೇ ಸವೆದಿದೆ, ಒಂದೇ ಸಲಕ್ಕೆ ಓಡಿ ಮುಗಿಯಬೇಕು.

ಕೃಷ್ಣೆ ದಂಡೆ (ರಾಯಚೂರು):

ಆಟೋಕಾನ್ಫ್ ಮುಟ್ಟಬೇಡಿ. ನಿಮ್ಮ ತೊಂದರೆ ಹಳೆಯ ಓಎಸ್‌ನದ್ದಲ್ಲ, ನೀವು ತಂದ ಸೋರ್ಸ್‌ನದ್ದು.

ಗಿಟ್‌ನಲ್ಲಿ ಇರೋದು ನ್ಯಾಸಮ್ ಬರೆಯುವವರು ಇಟ್ಟುಕೊಂಡ ಕಚ್ಚಾ ಸೋರ್ಸ್. ಅದರಲ್ಲಿ ಕಾನ್ಫಿಗರ್ ಇರೋದಿಲ್ಲ, ಆಟೋಕಾನ್ಫ್‌ನಿಂದ ಹುಟ್ಟಿಸಬೇಕು. ಇನ್‌ಸ್ಟ್ರಕ್ಷನ್‌ಗಳ ಪಟ್ಟಿ ಕೂಡ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತದೆ, ಪರ್ಲ್ ಸ್ಕ್ರಿಪ್ಟ್ ಅದನ್ನು ಓದಿ ಸಿ ಫೈಲ್‌ಗಳನ್ನು ಬರೆಯುತ್ತದೆ. ಮ್ಯಾನ್ ಪುಟಕ್ಕೆ (ಬಳಸೋದು ಹೇಗೆ ಅಂತ ಹೇಳುವ ಕೈಪಿಡಿ) ಆಸ್ಕಿಡಾಕ್, ಎಕ್ಸ್‌ಎಂಎಲ್‌ಟು ಅನ್ನೋ ಟೂಲ್ ಎರಡೂ ಬೇಕು. ಅವಿಲ್ಲದೆ ಎಲ್ಲ ಕಂಪೈಲ್ ಆಗಿ ಕೊನೆಗೆ ಮೇಕ್ ಇನ್‌ಸ್ಟಾಲ್‌ನಲ್ಲಿ ಮ್ಯಾನ್ ಪುಟ ಇಲ್ಲ ಅಂತ ನಿಂತುಬಿಡುತ್ತದೆ, ಎಷ್ಟೋ ಜನ ಅಲ್ಲೇ ಸೋತು ಬಿಟ್ಟಿದ್ದಾರೆ.

ನ್ಯಾಸಮ್‌ನ ಸ್ವಂತ ಸೈಟಿನಲ್ಲಿ ರಿಲೀಸ್ ಟಾರ್ ಫೈಲ್‌ಗಳಿವೆ, ಅವುಗಳಲ್ಲಿ ಇದೆಲ್ಲ ಮೊದಲೇ ಹುಟ್ಟಿಸಿ ಇಟ್ಟಿರುತ್ತಾರೆ. 2018ರ ಡಿಸೆಂಬರ್‌ನಲ್ಲಿ ಬಂದ 2.14.02 ತಗೊಳ್ಳಿ. ತೀರಾ ಹೊಸದೇ ಬೇಕು ಅಂತ ಏನಿಲ್ಲ, 2.13 ದಾಟಿದರೆ ಎಕ್ಸ್264ಗೆ ಸಾಕು. ಹಳೆಯ ಮೆಷಿನ್‌ಗೆ ಅದರ ಕಾಲಕ್ಕೆ ಹತ್ತಿರದ ಸೋರ್ಸ್ ಕೊಡೋದೇ ಒಳ್ಳೆಯದು ಅನ್ನೋದು ನನ್ನ ಅನುಭವ. ನಿಮ್ಮ ಸಿ ಕಂಪೈಲರ್ ಜಿಸಿಸಿ 4.4 ಇರುತ್ತದೆ, ಇದಕ್ಕೆ ಅದು ಸಾಕು.

ಇನ್ನೊಂದು ಮುಖ್ಯ ಮಾತು. ಟಾರ್ ಫೈಲನ್ನು ಹಾಗೇ ಪೆನ್‌ಡ್ರೈವ್‌ನಲ್ಲಿ ತನ್ನಿ, ಲ್ಯಾಪ್‌ಟಾಪಿನಲ್ಲಿ ಬಿಚ್ಚಬೇಡಿ, ಪೆನ್‌ಡ್ರೈವ್ ಮೇಲೂ ಬಿಚ್ಚಬೇಡಿ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಇರುತ್ತದೆ. ಅಲ್ಲಿ ಫೈಲ್‌ಗಳ ಎಕ್ಸಿಕ್ಯೂಟ್ ಪರ್ಮಿಷನ್ ಉಳಿಯಲ್ಲ, ಸಮಯವೂ ಎರಡು ಸೆಕೆಂಡಿನ ಲೆಕ್ಕದಲ್ಲೇ ಉಳಿಯುತ್ತದೆ. ಕಂಪೈಲ್ ಕೆಲಸ ನಡೆಸುವ ಮೇಕ್ ಅನ್ನೋದು ನೋಡೋದು ಯಾವ ಫೈಲ್ ಹೊಸದು, ಯಾವುದು ಹಳೆಯದು ಅನ್ನೋದನ್ನೇ. ಸಮಯ ಕೆಟ್ಟರೆ ಹುಟ್ಟಿಸಿಟ್ಟ ಫೈಲ್‌ಗಳು ಹಳೆಯವು ಅಂತ ತಿಳಿದು ಮತ್ತೆ ಹುಟ್ಟಿಸೋಕೆ ಪರ್ಲ್, ಆಸ್ಕಿಡಾಕ್ ಎಲ್ಲ ಕೇಳುತ್ತದೆ. ನಿಮ್ಮ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ ಅಲ್ಲೇ ಟಾರ್‌ನಿಂದ ಬಿಚ್ಚಿ. ಆಮೇಲೆ ಕಾನ್ಫಿಗರ್, ಮೇಕ್, ಕೊನೆಗೆ ರೂಟ್ ಆಗಿ ಮೇಕ್ ಇನ್‌ಸ್ಟಾಲ್. ಅಷ್ಟೇ.

ಹಳೆಯ 2.07 ತೆಗೆಯೋದು ಬೇಡ. ಹೊಸದು ಯುಎಸ್‌ಆರ್ ಲೋಕಲ್ ಫೋಲ್ಡರ್ ಒಳಗೆ ಹೋಗಿ ಕೂರುತ್ತದೆ, ಹಳೆಯದು ಸುಮ್ನೆ ತನ್ನ ಜಾಗದಲ್ಲಿ ಇರಲಿ. ಸೆಂಟ್‌ಓಎಸ್ 6ಕ್ಕೆ 2020ರ ನವೆಂಬರ್ 30ಕ್ಕೇ ಬೆಂಬಲ ನಿಂತಿದೆ. ಏನಾದರೂ ಕಿತ್ತು ಹಾಕಿದರೆ ಪ್ಯಾಕೇಜ್ ಹಾಕುವ ಯಮ್‌ನಿಂದ ಮತ್ತೆ ತರಬೇಕು ಅಂದಾಗ ಹಳೆಯ ಪ್ಯಾಕೇಜ್ ಇಟ್ಟಿರುವ ವಾಲ್ಟ್ ಸರ್ವರ್ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮಾನ್ವಿ ಮಂಜ:

ಒಂದು ಸಂಶಯ. ಎಕ್ಸ್264ರ ಕಾನ್ಫಿಗರ್ ಫೈಲ್ ತೆರೆದು ನೋಡಿದೆ, ಅದು ಅಸೆಂಬ್ಲರ್‌ಗೆ ಹೊಸ ಪ್ರೊಸೆಸರ್‌ಗಳಲ್ಲಿರುವ ಒಂದು ಎವಿಎಕ್ಸ್-512 ಇನ್‌ಸ್ಟ್ರಕ್ಷನ್ ಕೊಟ್ಟು ಪರೀಕ್ಷೆ ಮಾಡುತ್ತದೆ. ಪೆಂಟಿಯಮ್ 4ರಲ್ಲಿ ಅದು ಇಲ್ಲವೇ ಇಲ್ಲ ಅಲ್ವಾ? ಹಾಗಿದ್ದರೆ ನ್ಯಾಸಮ್ ಹೊಸದಾದರೂ ಏನು ಪ್ರಯೋಜನ?

ಕೃಷ್ಣೆ ದಂಡೆ (ರಾಯಚೂರು):

ಒಳ್ಳೆಯ ಪ್ರಶ್ನೆ. ಅಲ್ಲಿ ಕೇಳ್ತಿರೋದು ಪ್ರೊಸೆಸರ್‌ನ ಅಲ್ಲ, ಅಸೆಂಬ್ಲರ್‌ನ. ಆ ಇನ್‌ಸ್ಟ್ರಕ್ಷನ್ ಬರೆದರೆ ನಿನಗೆ ಅರ್ಥ ಆಗುತ್ತಾ, ಅದನ್ನು ಬೈಟ್‌ಗಳಾಗಿ ಬರೆದು ಕೊಡ್ತೀಯಾ ಅಂತ ಅಷ್ಟೇ. ನ್ಯಾಸಮ್ ಎವಿಎಕ್ಸ್-512 ಕಲಿತದ್ದು 2.11ರಲ್ಲಿ, ಹಾಗಾಗಿ 2.07 ಈ ಪರೀಕ್ಷೆಯಲ್ಲಿ ಪಾಸ್ ಆಗೋದೇ ಇಲ್ಲ. ಎಕ್ಸ್264 ಒಂದೇ ಕೆಲಸಕ್ಕೆ ಹಲವು ಬಗೆಯ ಕೋಡ್ ಇಟ್ಟುಕೊಂಡಿರುತ್ತದೆ, ಓಡುವ ಹೊತ್ತಿಗೆ ಪ್ರೊಸೆಸರ್‌ನಲ್ಲಿ ಏನಿದೆ ಅಂತ ಕೇಳಿ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಪೆಂಟಿಯಮ್ 4ರಲ್ಲಿ ಎಸ್‌ಎಸ್‌ಇ2 ಅನ್ನೋ ಹಳೆಯ ಇನ್‌ಸ್ಟ್ರಕ್ಷನ್ ಗುಂಪು ಇದೆ, ಅದನ್ನು ಬಳಸುತ್ತದೆ.

ಗಂಗಾವತಿ ಅಕ್ಕ:

ಎರಡು ಮಾತು ಸೇರಿಸ್ತೀನಿ, ನಾನು ಹಳೆಯ ಮೆಷಿನ್‌ಗಳ ಜೊತೆ ತುಂಬಾ ಒದ್ದಾಡಿದ್ದೇನೆ.

ಶುರು ಮಾಡೋ ಮುಂಚೆ ಮೆಷಿನ್‌ನ ತಾರೀಕು ನೋಡು ತಮ್ಮಾ. ಇಷ್ಟು ಹಳೆಯ ಬೋರ್ಡಿನ ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಹೋಗಿ ಬಂದ ಕೂಡಲೇ ತಾರೀಕು ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತದೆ. ಆಗ 2018ರ ಸೋರ್ಸ್ ಫೈಲ್‌ಗಳು ಮುಂದೆ ಬರೋ ಕಾಲದವು ಅಂತ ಆಗುತ್ತದೆ. ಕಂಪೈಲ್ ಆದ ಫೈಲ್ ಯಾವಾಗಲೂ ಸೋರ್ಸ್‌ಗಿಂತ ಹಳೆಯದಾಗಿ ಕಾಣುತ್ತದೆ, ಮೇಕ್ ಪ್ರತಿ ಸಲ ಮೊದಲಿನಿಂದ ಕಂಪೈಲ್ ಮಾಡ್ತಾ ಕೂರುತ್ತದೆ. ಸಿಆರ್2032 ಬ್ಯಾಟರಿ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ, ಮೊದಲು ಅದನ್ನು ಬದಲಿಸು.

ಇನ್ನೊಂದು, ಇನ್‌ಸ್ಟಾಲ್ ಆದ ಮೇಲೂ ವರ್ಷನ್ ಕೇಳಿದರೆ 2.07 ಅಂತಲೇ ಬರಬಹುದು. ಗಾಬರಿ ಆಗಬೇಡ. ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್ ಹಳೆಯ ದಾರಿ ನೆನಪಿಟ್ಟುಕೊಂಡಿರುತ್ತದೆ. ಹ್ಯಾಶ್ ಸ್ಪೇಸ್ ಮೈನಸ್ ಆರ್ ಅಂತ ಕೊಟ್ಟರೆ ಮರೆಯುತ್ತದೆ, ಇಲ್ಲವೇ ಟರ್ಮಿನಲ್ ಮುಚ್ಚಿ ಹೊಸದು ತೆಗಿ.

ತೇರುಬೀದಿ (ಸಿರುಗುಪ್ಪ):

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ತಾರೀಕು 2003 ತೋರಿಸ್ತಿತ್ತು! ಬ್ಯಾಟರಿ ಬದಲಿಸಿದೆ, ಟಾರ್ ಫೈಲ್ ಇಲ್ಲೇ ಬಿಚ್ಚಿದೆ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ನ್ಯಾಸಮ್ ತಯಾರಾಗಿತ್ತು. ಮೊದಲು 2.07 ಅಂತಲೇ ಬಂತು, ಹ್ಯಾಶ್ ಕೊಟ್ಟ ಮೇಲೆ 2.14.02 ಬಂತು. ರಾಯಚೂರಿನ ಸರ್‌ಗೂ ತುಂಬಾ ಥ್ಯಾಂಕ್ಸ್, ಮೂರು ದಿನದಿಂದ ನಿದ್ದೆ ಇರಲಿಲ್ಲ.

ಆದರೆ ಎಕ್ಸ್264 ಬಳಸಿ ವಿಡಿಯೋ ಎನ್‌ಕೋಡ್ ಮಾಡುವ ಎಫ್‌ಎಫ್‌ಎಂಪೆಗ್ ಓಡಿಸಿದರೆ ವೇಗ ಇನ್ನೂ ಮೊದಲಿನಷ್ಟೇ ಇದೆ. ಏನು ತಪ್ಪಿರಬಹುದು?

ಕೃಷ್ಣೆ ದಂಡೆ (ರಾಯಚೂರು):

ನೀವು ಮೊದಲು ಅಸೆಂಬ್ಲಿ ಬೇಡ ಅಂತ ಕಟ್ಟಿದ ಎಕ್ಸ್264 ಅಲ್ಲೇ ಇದೆ. ಆ ಫೋಲ್ಡರ್‌ನಲ್ಲಿ ಮೇಕ್ ಡಿಸ್ಟ್‌ಕ್ಲೀನ್ ಕೊಟ್ಟು, ಅಸೆಂಬ್ಲಿ ಬೇಡ ಅನ್ನೋ ಆಯ್ಕೆ ಬಿಟ್ಟು ಮತ್ತೆ ಕಾನ್ಫಿಗರ್ ಮಾಡಿ. ಕೊನೆಗೆ ಬರುವ ಪಟ್ಟಿಯಲ್ಲಿ ಎಎಸ್‌ಎಂ ಮುಂದೆ ಯೆಸ್ ಅಂತ ಇದೆಯಾ ನೋಡಿ. ಎಫ್‌ಎಫ್‌ಎಂಪೆಗ್‌ಗೆ ಎಕ್ಸ್264 ಸ್ಟಾಟಿಕ್ ಆಗಿ ಸೇರಿಸಿದ್ದರೆ ಅದನ್ನೂ ಮತ್ತೆ ಬಿಲ್ಡ್ ಮಾಡಬೇಕು, ಇಲ್ಲದಿದ್ದರೆ ಒಳಗೆ ಹಳೆಯದೇ ಇರುತ್ತದೆ. ಪ್ರೀಸೆಟ್ (ವೇಗದ ಆಯ್ಕೆ) ಅಲ್ಟ್ರಾಫಾಸ್ಟ್ ಇಡಿ, ಫೈಲ್ ಸ್ವಲ್ಪ ದೊಡ್ಡದಾದರೂ ಒಂದು ಫ್ರೇಮೂ ಬಿಟ್ಟುಹೋಗಬಾರದು.

ತೇರುಬೀದಿ (ಸಿರುಗುಪ್ಪ):

ಯೆಸ್ ಬಂತು. ಅಲ್ಟ್ರಾಫಾಸ್ಟ್‌ನಲ್ಲಿ ಸೆಕೆಂಡಿಗೆ 30 ದಾಟುತ್ತಿದೆ. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ಕೇಸಿನ ಬಾಗಿಲು ತೆಗೆದಿದ್ದೇನೆ, ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಮೊದಲ ಕ್ಯಾಸೆಟ್ ಓಡ್ತಿದೆ, ಅವ್ವ ಕುರ್ಚಿ ಹಾಕಿಕೊಂಡು ಮಾನಿಟರ್ ಮುಂದೆ ಕೂತಿದ್ದಾಳೆ. ಭೀಮನ ಪ್ರವೇಶಕ್ಕೆ ಇನ್ನೂ ಒಂದು ಗಂಟೆ ಇದೆ.