ಪಾಲಿಯೆಸ್ಟರ್ ಬಾವುಟ ಬಟ್ಟೆಯೋ, ಪ್ಲಾಸ್ಟಿಕ್ಕೋ?

ಹುಬ್ಬಳ್ಳಿ ಹುಡುಗ: ಆಗಸ್ಟ್ 15ಕ್ಕೆ ಓಣಿಗೆಲ್ಲ ಪಾಲಿಯೆಸ್ಟರ್ ಬಾವುಟ ತಂದಿದ್ದೆ. ಹಿರಿಯರೊಬ್ಬರು ‘ಬಾವುಟ ಮಾಡೋ ಬೆಂಗೇರಿಯ ಖಾದಿ ಕೇಂದ್ರ ಊರಲ್ಲೇ ಇರುವಾಗ ಈ ಪ್ಲಾಸ್ಟಿಕ್ ಯಾಕೋ?’ ಅಂತ ಬೈದರು. 2021ರ ಡಿಸೆಂಬರ್‌ನಲ್ಲೇ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿದ್ದಾರೆ. ಬಟ್ಟೆಗೆ ಪ್ಲಾಸ್ಟಿಕ್ ಅನ್ನೋದು ಸರೀನಾ?

ಸಪ್ತಾಪುರ ಟೀಚರ್: ಅವರು ಹೇಳಿದ್ದು ಸರಿ ತಮ್ಮಾ. ನೀರಿನ ಬಾಟಲಿಯ ‘ಪೆಟ್’, ನಿನ್ನ ಬಾವುಟ ಎರಡೂ ಒಂದೇ ಪದಾರ್ಥ. ಟೆರೆಫ್ತಾಲಿಕ್ ಆಮ್ಲ, ಎಥಿಲೀನ್ ಗ್ಲೈಕಾಲ್ ಅಂತ ಎರಡು ಪುಟ್ಟ ಅಣು. ಎರಡಕ್ಕೂ ಎರಡೆರಡು ಕೈ. ಒಂದರ ಕೈ ಇನ್ನೊಂದು ಹಿಡಿಯುತ್ತಾ ಹೋಗುತ್ತದೆ, ಕೊಂಡಿ ಬೀಳುವಾಗಲೆಲ್ಲ ಒಂದು ನೀರಿನ ಅಣು ಹೊರಗೆ. ಹೀಗಾಗುವ ಉದ್ದ ಸರಪಳಿಗೇ ಪಾಲಿಮರ್ ಅಂತಾರೆ. ಕರಗಿಸಿ ಸಣ್ಣ ತೂತಿನಿಂದ ಶಾವಿಗೆ ಹಾಗೆ ಒತ್ತಿದರೆ ನೂಲು. ಅಚ್ಚಿನೊಳಗೆ ಊದಿದರೆ ಬಾಟಲಿ.

ಕರಿಮಣ್ಣು: ನಮ್ಮ ಹತ್ತಿಯಲ್ಲಿ ಇಂಥ ಪಾಲಿಮರ್ ಗಿಲಿಮರ್ ಏನೂ ಇಲ್ರೀ. ಗಿಡದಲ್ಲಿ ಬಿಡುತ್ತದೆ, ಮಣ್ಣಿಗೆ ಹೋಗುತ್ತದೆ.

ಸಪ್ತಾಪುರ ಟೀಚರ್: ಅಲ್ಲೇ ತಪ್ಪಿದಿರಿ ಅಣ್ಣಾರ! ಹತ್ತಿ ಅಂದರೆ ಸೆಲ್ಯುಲೋಸ್, ಗ್ಲೂಕೋಸ್ ಅಣುಗಳ ಸರಪಳಿ. ಒಂದು ಸರಪಳಿಯಲ್ಲಿ ಹತ್ತು ಸಾವಿರದಷ್ಟು ಗ್ಲೂಕೋಸ್ ಇರುತ್ತದೆ. ಪಾಲಿಯೆಸ್ಟರ್ ನೂಲಿನ ಒಂದು ಸರಪಳಿಯಲ್ಲಿ ಆ ಎರಡು ಅಣುಗಳ ಜೋಡಿ ನೂರರ ಆಸುಪಾಸು ಅಷ್ಟೇ. ಪಾಲಿಮರ್ ಅಂತ ನೋಡಿದರೆ ಹತ್ತಿಯೇ ದೊಡ್ಡಣ್ಣ.

ಹುಬ್ಬಳ್ಳಿ ಹುಡುಗ: ಹಾಗಾದರೆ ನಾ ಬೈಸಿಕೊಂಡಿದ್ದು ಸುಮ್ನೆ!

ನಿವೃತ್ತ ಕೆಮಿಸ್ಟ್: ಗಡಿಬಿಡಿ ಬೇಡಪ್ಪಾ. ಸರಪಳಿಯ ಉದ್ದಕ್ಕಿಂತ ಕೊಂಡಿ ಯಾವುದು ಅನ್ನೋದು ಮುಖ್ಯ. ಗ್ಲೂಕೋಸ್ ಕೊಂಡಿ ಕತ್ತರಿಸೋ ಕಿಣ್ವ ಮಣ್ಣಿನ ಬೂಷ್ಟು, ಬ್ಯಾಕ್ಟೀರಿಯಾಗಳ ಹತ್ತಿರ ಕೋಟ್ಯಂತರ ವರ್ಷದಿಂದ ಇದೆ. ಪಾಲಿಯೆಸ್ಟರ್ ಹುಟ್ಟಿದ್ದೇ 1941ರಲ್ಲಿ, ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕೈಯಲ್ಲಿ. ಅದರ ಬೆಂಜೀನ್ ಉಂಗುರಗಳು, ಅಂದರೆ ಆರು ಇಂಗಾಲದ ಚಪ್ಪಟೆ ಬಳೆಗಳು, ಬಿಗಿಯಾಗಿ ಒತ್ತಿಕೊಂಡು ಕೂತಿರುತ್ತವೆ, ಕಿಣ್ವ ನುಗ್ಗೋಕೆ ಸಂದು ಸಿಗುವುದಿಲ್ಲ. ಪೆಟ್ ತಿನ್ನುವ ಬ್ಯಾಕ್ಟೀರಿಯಾ ಜಪಾನಿನಲ್ಲಿ ಸಿಕ್ಕಿದೆ, 2016ರಲ್ಲಿ ವರದಿ ಬಂತು. ಅದೂ ತೆಳ್ಳನೆ ಹಾಳೆ ತಿನ್ನೋಕೆ ವಾರಗಟ್ಟಲೆ ತಗೊಳ್ಳುತ್ತದೆ. ನಮ್ಮ ನಾಲಾಕ್ಕೆ ಬಿದ್ದ ಬಾವುಟ ಬಿಸಿಲಿಗೆ ಹರಿದು ಚೂರಾಗುತ್ತದೆ. ಚೂರು ಚೂರಾದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ.

ಟೇಲರ್ ಅಕ್ಕ: ನಮ್ಮ ಮಳೆಗಾಲ ಮರೆತಿರಾ? ಖಾದಿ ತೊಯ್ದರೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ನೀರನ್ನೇ ಹೀರುವುದಿಲ್ಲ, ಕೊಡವಿದರೆ ಮತ್ತೆ ಹಾರುತ್ತದೆ. ರೇಟೂ ಕಡಿಮೆ. ಓಣಿಗೆಲ್ಲ ಖಾದಿ ಕೊಳ್ಳೋಕೆ ದುಡ್ಡು ಯಾರು ಕೊಡ್ತಾರೆ?

ನಿವೃತ್ತ ಕೆಮಿಸ್ಟ್: ಒಪ್ಪಿದೆ ಅಕ್ಕಾರ. ನೀರು ಒಳಗೆ ಹೋಗದ್ದೇ ಅದರ ಗುಣ. ಬೇಗ ಕೊಳೆಯದಿರೋದಕ್ಕೂ ಅದೇ ಒಂದು ಕಾರಣ.

ಟೇಲರ್ ಅಕ್ಕ: ಹತ್ತಿಗೆ ಹೊಡೆಯೋ ಔಷಧಿ ಲೆಕ್ಕಕ್ಕಿಲ್ವಾ?

ಕರಿಮಣ್ಣು: ಅದು ಹೌದ್ರೀ. ಆದರೆ ನಮ್ಮ ಕಡೆಯ ಹಳೆ ಜಯಧರ ಹತ್ತಿ ಮಳೆ ನೀರಲ್ಲೇ ಬರುತ್ತಿತ್ತು.

ಹುಬ್ಬಳ್ಳಿ ಹುಡುಗ: ಆಯ್ತು, ಮುಂದಿನ ವರ್ಷ ವಂತಿಗೆ ಎತ್ತಿ ಓಣಿಗೆ ಒಂದೇ ದೊಡ್ಡ ಖಾದಿ ಬಾವುಟ ತರ್ತೀವಿ. ಈಗ ಹರಿದಿರೋ ನಾಲ್ಕು ಬಾವುಟ ಏನು ಮಾಡಲಿ? ಗೌರವದಿಂದ ಸುಡಬೇಕು ಅಂತ ಸಂಹಿತೆಯಲ್ಲೇ ಇದೆಯಂತಲ್ಲ.

ಸಪ್ತಾಪುರ ಟೀಚರ್: ಸುಡುವುದು ಒಂದು ದಾರಿ ಅಷ್ಟೇ. ಗೌರವಕ್ಕೆ ಕುಂದು ಬರದ ಬೇರೆ ರೀತಿಗೂ ಅವಕಾಶ ಇದೆ. ಹತ್ತಿ ಆಗಿದ್ದರೆ ಹಿಡಿ ಬೂದಿ ಆಗುತ್ತಿತ್ತು. ಇದು ಕರಗಿ ಹನಿ ಹನಿ ಸುರಿಯುತ್ತದೆ, ಕಪ್ಪು ಹೊಗೆ ಬೇರೆ. ಅಂಗಳದಲ್ಲಿ ಮಕ್ಕಳ ಮುಂದೆ ಮಾತ್ರ ಹಚ್ಚಬೇಡ. ಸದ್ಯಕ್ಕೆ ಮಡಚಿ ಟ್ರಂಕಿನಲ್ಲಿ ಇಡು.

ಟೇಲರ್ ಅಕ್ಕ: ಅಂಚು ಅಷ್ಟೇ ಬಿಚ್ಚಿದ್ದರೆ ನನ್ನ ಹತ್ತಿರ ತಗೊಂಡು ಬಾ, ಹೊಲಿದು ಕೊಡ್ತೀನಿ.